ವಸಯಿಗೆ ಹೋದ ಪಾರಿತೋಷಕ

ನಮ್ಮ ಸಂಘದ ಯುವ ವಿಭಾಗದ ಭಾಷಣ ಸ್ಪರ್ಧೆಗೆ ಒಂದು ಪರ್ಯಾಯ ಪಾರಿತೋಷಕವಿದೆ. ಗೆದ್ದವರು ಒಂದು ವರ್ಷ ಮನೆಯಲ್ಲಿಟ್ಟುಕೊಂಡು ಮುಂದಿನ ಸ್ಪರ್ಧೆಯ ದಿನ ಹಿಂದಿರುಗಿಸಬೇಕು. ಕೆಳಗೆ ಮರದ ಪೀಠ, ಪೀಠದ ಸುತ್ತ ಗೆದ್ದವರ ಹೆಸರು ಕೊರೆದ ಹಿತ್ತಾಳೆಯ ಪುಟ್ಟ ತಗಡುಗಳು, ಮೇಲೆ ದೀಪ ಎತ್ತಿ ಹಿಡಿದ ರೆಕ್ಕೆಯ ದೇವತೆ. ದೇವತೆ ನೋಡಲು ಚಿನ್ನ, ಮುಟ್ಟಲು ಪ್ಲಾಸ್ಟಿಕ್. 1993ರ ತಗಡಿನಲ್ಲಿ ನನ್ನ ತಂಗಿಯ ಹೆಸರಿದೆ. 1996ರ ತಗಡಿನಲ್ಲಿ ಹೆಸರಿರುವ ಹುಡುಗ ಈಗಿಲ್ಲ. ಅವನ ತಾಯಿ ಪ್ರತಿ ವರ್ಷ ಸ್ಪರ್ಧೆಗೆ ಬಂದು ಕೊನೆಯ ಸಾಲಿನಲ್ಲಿ ಕುಳಿತು, ಬಹುಮಾನ ವಿತರಣೆ ಮುಗಿದ ಕೂಡಲೇ ಎದ್ದು ಹೋಗುತ್ತಾರೆ.

ಕಳೆದ ವರ್ಷ ಆ ಪಾರಿತೋಷಕವನ್ನು ಗೆದ್ದವಳು ನನ್ನ ತಂಗಿಯ ಮಗಳು. ಹದಿನೇಳರ ಹುಡುಗಿ. ವೇದಿಕೆಯ ಮೇಲೆ ಹೆಮ್ಮೆಯಿಂದ ಎತ್ತಿ ಹಿಡಿದಾಗ ದೇವತೆಯ ಸೊಂಟದ ಚಿನ್ನವೆಲ್ಲ ಅವಳ ಅಂಗೈಗೆ ಬಂತು. ಸಭೆಯಲ್ಲಿ ನಗು. ಅವಳು ಕೈ ನೋಡಿಕೊಂಡು, "ಮಾಮ, ಇದು ಅಸಲಿ ಅಲ್ವಾ?" ಎಂದಳು. ಮುಂದಿನ ವಾರವೇ ಕಾರ್ಯಕಾರಿ ಸಮಿತಿಯಲ್ಲಿ ಹೊಸದನ್ನು ಕೊಳ್ಳುವ ಮಾತು ಬಂತು. ಇಂದು ಫೋನಿನಲ್ಲಿ ಒತ್ತಿದರೆ ನಾಳೆ ಬಾಗಿಲಿಗೆ ಬರುತ್ತದೆ, ಬೆಲೆಯೂ ಹೆಚ್ಚಲ್ಲ ಎಂದರು. ನಾನು ಹದಿನೈದು ದಿನ ಅವಕಾಶ ಕೇಳಿ, ದೇವತೆಯನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದೆ.

ಮೊದಲ ತಪ್ಪು ನನ್ನದೇ. ಹಳೆಯ ಚಿನ್ನವನ್ನು ಪೂರಾ ತೆಗೆದು ಮೇಲೊಂದು ಸ್ಪ್ರೇ ಹೊಡೆದರಾಯಿತು ಎಂದುಕೊಂಡು, ಉಗುರುಬಣ್ಣ ತೆಗೆಯುವ ದ್ರವದಲ್ಲಿ ಹತ್ತಿ ಅದ್ದಿ ದೇವತೆಯ ಬೆನ್ನನ್ನು ಉಜ್ಜಿದೆ. ಎರಡು ನಿಮಿಷದಲ್ಲಿ ಬೆನ್ನು ಬೆಲ್ಲದ ಪಾಕದಂತೆ ಅಂಟಂಟಾಯಿತು. ಗಾಬರಿಯಿಂದ ಹಿಡಿದುಕೊಂಡೆ, ಹೆಬ್ಬೆರಳಿನ ಗುರುತು ಅಚ್ಚೊತ್ತಿತು. ಆ ದ್ರವದಲ್ಲಿರುವ ಅಸಿಟೋನ್ ಲೋಹವನ್ನು ಮುಟ್ಟುವುದೇ ಇಲ್ಲ, ಒಳಗಿನ ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ ಎಂಬುದು ಆಮೇಲೆ ತಿಳಿಯಿತು.

ಪರಿಚಿತರೊಬ್ಬರು ಹೇಳಿದರು: "ಇದು ಮನೆಯಲ್ಲಿ ಆಗುವ ಕೆಲಸವಲ್ಲ. ವಸಯಿಗೆ ಹೋಗಿ."

*

ಒಂದು ಶನಿವಾರ ಬೆಳಿಗ್ಗೆ ಬೊರಿವಲಿಯಿಂದ ವಿರಾರ್ ಗಾಡಿ ಹತ್ತಿದೆವು. ಹುಡುಗಿಯೂ ಜೊತೆಗೆ ಬಂದಳು. ಮುಂಬಯಿಯಲ್ಲಿ ಬೆಳಗಿನ ಹೊತ್ತು ವಿರಾರ್ ಕಡೆಗೆ ಹೋಗುವುದೆಂದರೆ ಪ್ರವಾಹಕ್ಕೆ ಬೆನ್ನು ಹಾಕಿ ನಡೆದಂತೆ. ಎದುರಿನ ಗಾಡಿಗಳಲ್ಲಿ ಜನ ಬಾಗಿಲಿಗೆ ಜೋತುಬಿದ್ದಿರುತ್ತಾರೆ, ನಮಗೆ ಕಿಟಕಿಯ ಪಕ್ಕವೇ ಜಾಗ. ದಹಿಸರ್, ಮೀರಾರೋಡ್, ಭಾಯಂದರ್ ದಾಟಿದೊಡನೆ ವಸಯಿ ಖಾಡಿಯ ಸೇತುವೆ. ನಮ್ಮೆದುರು ಕೂತಿದ್ದ ಮುದುಕರೊಬ್ಬರು ದೇವರ ಹೂವಿನ ಪೊಟ್ಟಣವನ್ನು ಕಿಟಕಿಯಿಂದ ನೀರಿಗೆ ಎಸೆದು ಕೈ ಮುಗಿದರು. ನೀರಿನ ನಡುವೆ ಪಾಂಜು ದ್ವೀಪ, ದಡದ ಕಡೆ ಉಪ್ಪಿನ ಗದ್ದೆಗಳು. ಆಮೇಲೆ ನಾಯಗಾಂವ್, ಅದರ ನಂತರ ವಸಯಿರೋಡ್.

ವಸಯಿ ಎಂದರೆ ಶಾಲೆಯ ಪುಸ್ತಕ ಓದಿದವರಿಗೆ ಕೋಟೆ ನೆನಪಾಗುತ್ತದೆ. 1534ರಿಂದ ಪೋರ್ಚುಗೀಸರ ಕೈಯಲ್ಲಿದ್ದ ಊರನ್ನು 1739ರಲ್ಲಿ ಚಿಮಾಜಿ ಅಪ್ಪಾ ಗೆದ್ದದ್ದು, 1802ರಲ್ಲಿ ಎರಡನೆಯ ಬಾಜೀರಾಯ ಇಲ್ಲಿಯೇ ಇಂಗ್ಲಿಷರ ಒಪ್ಪಂದಕ್ಕೆ ರುಜು ಹಾಕಿದ್ದು ಪಾಠದಲ್ಲಿ ಬರುತ್ತದೆ. ಆ ಕೋಟೆ, ಇಗರ್ಜಿಗಳು, ಬಾಳೆತೋಟಗಳು, ಒಣಬಾಳೆಯ 'ಸುಕೇಳಿ' ಎಲ್ಲ ಸ್ಟೇಷನ್ನಿನ ಪಶ್ಚಿಮಕ್ಕೆ. ನಾವು ಇಳಿದದ್ದು ಪೂರ್ವಕ್ಕೆ. ಶೇರಿಂಗ್ ರಿಕ್ಷಾದಲ್ಲಿ ಮೂರನೆಯವರೊಬ್ಬರ ಜೊತೆ ಒತ್ತಿಕೊಂಡು, ದೇವತೆಯನ್ನು ಮಡಿಲಲ್ಲಿಟ್ಟುಕೊಂಡು ಗೋಖಿವರೆ ದಾಟಿ ವಾಲಿವ್ ಕಡೆ ಹೊರಟೆವು. ದೂರದಲ್ಲಿ ತುಂಗಾರೇಶ್ವರದ ಬೆಟ್ಟ. ಹತ್ತಿರದಲ್ಲಿ ಎಲ್ಲೆಲ್ಲೂ ಗಾಳಾಗಳು. ಒಂದೇ ಬಗೆಯ ಶಟರ್ ಬಾಗಿಲಿನ ಕಾರ್ಖಾನೆ ಕೋಣೆಗಳ ಸಾಲಿಗೆ ಮುಂಬಯಿಯಲ್ಲಿ ಗಾಳಾ ಎನ್ನುತ್ತಾರೆಂದು ನಿಮಗೆ ಹೇಳಬೇಕಿಲ್ಲ. ಒಂದರಲ್ಲಿ ಬಾಟಲಿಯ ಮುಚ್ಚಳ, ಇನ್ನೊಂದರಲ್ಲಿ ಬಳೆ, ಮತ್ತೊಂದರಲ್ಲಿ ಟಾರ್ಚಿನ ಒಳಗಿನ ಬಟ್ಟಲು. ಲಿಪ್‌ಸ್ಟಿಕ್ಕಿನ ಹೊಳೆಯುವ ಕೊಳವೆ, ಸೀರೆಯಂಗಡಿಯ ಗೊಂಬೆಯ ಕಿರೀಟ, ಗಡಿಯಾರದ ಅಂಚು, ನಾವು ಲೋಹವೆಂದು ನಂಬಿ ಕೊಳ್ಳುವ ಎಷ್ಟೋ ವಸ್ತುಗಳು ಇಂಥ ಕೋಣೆಗಳಲ್ಲಿ ಪ್ಲಾಸ್ಟಿಕ್ಕಾಗಿ ಒಳಗೆ ಹೋಗಿ ಬೆಳ್ಳಿಬಂಗಾರವಾಗಿ ಹೊರಗೆ ಬರುತ್ತವೆ.

ಗಾಳಾದ ಸೇಠ್ ಸಜ್ಜನರು. ದೇವತೆಯನ್ನು ತಿರುಗಿಸಿ ನೋಡಿ, ಒಂದೇ ನಗಕ್ಕಾಗಿ ಚೇಂಬರ್ ಹಾಕಲಾಗುವುದಿಲ್ಲ, ಗೋಲ್ಡ್ ಮಾಲ್ ಇರುವ ದಿನ ಅದರ ಜೊತೆ ತೂಗುಹಾಕಿಸುತ್ತೇನೆ ಎಂದರು. ಆದರೆ ಮೊದಲು ಹಳೆಯದನ್ನು ತೆಗೆಯಬೇಕು. ಅದು ಹಿಂದಿನ ಕೋಣೆಯ ಕೆಲಸ ಎಂದು ಒಬ್ಬರನ್ನು ಕರೆದರು. ರಬ್ಬರ್ ಗ್ಲೌಸು, ಗಂಬೂಟು, ತಲೆಗೆ ಟವೆಲ್ಲು. ನಡುವಯಸ್ಸಿನವರು. ನಾನು ಹುಡುಗಿಗೆ "ನೀನು ಇಲ್ಲೇ ಕೂತ್ಕೋ" ಎಂದದ್ದನ್ನು ಕೇಳಿ ಅವರು ನಿಂತುಬಿಟ್ಟರು.

"ಕನ್ನಡದವ್ರೇನ್ರಿ? ಯಾ ಊರ್ರೀ ನಿಮ್ದು?"

"ಕುಂದಾಪುರ. ನಿಮ್ಮದು?"

"ಯಾದಗಿರಿ ಜಿಲ್ಲಾರಿ, ಶಹಾಪುರ ಕಡಿ. ಬರ್ರಿ ಒಳಗ. ತಂಗೀನೂ ಬರ್ಲಿ, ಆದ್ರ ದೂರ ನಿಂದ್ರಬೇಕು."

ದೇವತೆಯ ಬೆನ್ನು ನೋಡಿದ್ದೇ ತಡ, ಅವರು ತಲೆಯೆತ್ತಿದರು. "ಇದ್ಕ ಥಿನ್ನರ್ ಹಚ್ಚೀರೇನ್ರಿ? ಪ್ಲಾಸ್ಟಿಕ್ಕಿಗಿ ಅದು ಬೆಂಕಿ ಇದ್ದಂಗ."

ನಾನು ಸುಮ್ಮನಿದ್ದೆ. ಹುಡುಗಿ ನನ್ನ ಪರವಾಗಿ ತಪ್ಪೊಪ್ಪಿಕೊಂಡಳು.

*

ಅಂದು ಅವರು ಹೇಳಿದ್ದನ್ನೂ ಸೇಠ್ ಹೇಳಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ಇಲ್ಲಿ ಬರೆಯುತ್ತೇನೆ. ವಿಜ್ಞಾನದ ವಿದ್ಯಾರ್ಥಿಗಳು ನಗಬಾರದು, ನಾನು ವಾಣಿಜ್ಯದವನು.

ಆ ಚಿನ್ನದಲ್ಲಿ ಚಿನ್ನವಿಲ್ಲ. ಪ್ಲಾಸ್ಟಿಕ್ಕಿನ ಮೇಲೆ ಮೊದಲು ಒಂದು ಲ್ಯಾಕರ್, ಅದರ ಮೇಲೆ ಅಲ್ಯೂಮಿನಿಯಂ, ಅದರ ಮೇಲೆ ಹಳದಿ ಬಣ್ಣ ಬೆರೆಸಿದ ಇನ್ನೊಂದು ಪಾರದರ್ಶಕ ಲ್ಯಾಕರ್. ಬೆಳ್ಳಿಯ ಹೊಳಪು ಹಳದಿಯ ಮೂಲಕ ಹಾದು ಬಂದಾಗ ಕಣ್ಣಿಗೆ ಬಂಗಾರ. ನಡುವಿನ ಅಲ್ಯೂಮಿನಿಯಂ ಪದರ ಎಷ್ಟು ತೆಳುವೆಂದರೆ ಅದರ ದಪ್ಪ ಒಂದು ಮೈಕ್ರಾನಿನ ಹತ್ತನೆಯ ಒಂದು ಪಾಲಿನಷ್ಟು. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದು ಲೆಕ್ಕ ಹಿಡಿದರೆ, ಅದರ ಏಳುನೂರನೆಯ ಒಂದು ಭಾಗ.

ಇದನ್ನು ತೆಗೆಯುವ ಮದ್ದು ಕಾಸ್ಟಿಕ್ ಸೋಡಾ. ಅಲ್ಯೂಮಿನಿಯಂ ವಿಚಿತ್ರ ಸ್ವಭಾವದ ಲೋಹ, ಆಮ್ಲದಲ್ಲೂ ಕರಗುತ್ತದೆ, ಕ್ಷಾರದಲ್ಲೂ ಕರಗುತ್ತದೆ. ಪ್ಲಾಸ್ಟಿಕ್ಕುಗಳ ಗುಣ ಹಾಗಲ್ಲ. ಪಾರಿತೋಷಕಗಳಿಗೆ ಬಳಸುವ ಪಾಲಿಸ್ಟೈರೀನ್, ಎಬಿಎಸ್‌ನಂಥವು ಕ್ಷಾರಕ್ಕೆ ಜಗ್ಗುವುದಿಲ್ಲ, ಥಿನ್ನರ್, ಅಸಿಟೋನಿನಂಥ ದ್ರವಗಳಿಗೆ ಮಾತ್ರ ಸೋಲುತ್ತವೆ. ಪಾಲಿಕಾರ್ಬೊನೇಟ್ ಎಂಬ ಇನ್ನೊಂದು ಬಗೆಗೆ ಗಟ್ಟಿ ಕ್ಷಾರವೂ ಆಗದು. ಆದ್ದರಿಂದ ಮೇಲಿನದು ಯಾವ ಲೋಹ, ಕೆಳಗಿನದು ಯಾವ ಪ್ಲಾಸ್ಟಿಕ್ ಎಂದು ಎರಡನ್ನೂ ತಿಳಿದ ಮೇಲೆಯೇ ಕೈ ಹಾಕಬೇಕು. ನಾನು ಎರಡನ್ನೂ ತಿಳಿಯದೆ ಕೈ ಹಾಕಿದ್ದೆ.

ಮೂಲೆಯಲ್ಲಿ ನೀಲಿ ಪೀಪಾಯಿಗಳು ಸಾಲಾಗಿದ್ದವು. ಮೊದಲನೆಯದರಲ್ಲಿ ತೆಳು ಮಾಡಿದ ಕಾಸ್ಟಿಕ್ ನೀರು. ಅಂದು ಅದರಲ್ಲಿ ಮುಳುಗಲು ಕಾದಿದ್ದದ್ದು ಒಂದು ಬುಟ್ಟಿ ರಿಜೆಕ್ಟ್ ಮಾಲು: ಧೂಳು ಕೂತದ್ದು, ಯಾರದೋ ಬೆರಳು ತಾಗಿದ್ದು, ಮಬ್ಬು ಹಿಡಿದದ್ದು. ಹೊಸದಾಗಿ ಅಚ್ಚು ಹೊಯ್ಯುವುದಕ್ಕಿಂತ ಪದರ ತೆಗೆದು ಮತ್ತೆ ಹಚ್ಚುವುದು ಅಗ್ಗ. ಆ ಬುಟ್ಟಿಯಲ್ಲಿಯೇ, ಪೀಠದಿಂದ ಬೇರ್ಪಡಿಸಿದ ನಮ್ಮ ದೇವತೆಗೂ ಜಾಗ ಸಿಕ್ಕಿತು. ಲ್ಯಾಕರ್ ಎಲ್ಲೆಲ್ಲಿ ಸವೆದಿತ್ತೋ ಅಲ್ಲಿಂದ ಸಣ್ಣ ಗುಳ್ಳೆಗಳು ಏಳತೊಡಗಿದವು. ಅದು ಜಲಜನಕ. ಆ ಕೋಣೆಯಲ್ಲಿ ಬೀಡಿ ಹಚ್ಚಲು ಬಿಡದಿರುವುದು ಅದಕ್ಕೇ.

"ಬಿಸಿ ಮಾಡಿದ್ರ ಬೇಗ ಆಗಲ್ವಾ?" ಎಂದು ಹುಡುಗಿ ಕೇಳಿದಳು.

"ಆಗತದ ತಂಗಿ, ಆದ್ರ ಗೊಂಬಿ ಸೊಟ್ಟ ಆಗತದ. ಕೆರೆದ್ರೂ ಬೇಗ ಆಗತದ, ಗೀರು ಬೀಳತದ. ಹಚ್ಚೋದು ಒಂದು ಚಣದ ಕೆಲಸ. ತೆಗೆಯೋದಕ್ಕ ತಾಳ್ಮಿ ಬೇಕು. ಖರೇ ಹೇಳ್ತೀನಿ, ಹಳೇದು ಅರ್ಧ ಉಳೀತಂದ್ರ ಹೊಸದು ಹಿಡಿಯಂಗಿಲ್ಲ."

ಅವರ 'ನಿಂದ್ರು', 'ಚಣ' ಅವಳಿಗೆ ಹೊಸತು. 'ಖರೇ' ಮಾತ್ರ ಕೂಡಲೇ ಅರ್ಥವಾಯಿತು, ಮರಾಠಿ ಗೆಳತಿಯರ ಬಾಯಲ್ಲಿ ದಿನವೂ ಕೇಳುವ ಮಾತು. ನಮ್ಮ ಮನೆಯ ಕನ್ನಡದಲ್ಲಿ ಆ ಪದವಿಲ್ಲ. ಹಾಗಾಗಿ ಒಂದು ಕನ್ನಡ ಪದವನ್ನು ನನಗಿಂತ ಮೊದಲು ಅವಳೇ ಹಿಡಿದುಕೊಂಡಳು.

ಗ್ಲೌಸು ತೆಗೆದಾಗ ಅವರ ಮಣಿಕಟ್ಟಿನಲ್ಲಿ ಬಿಳಿಯ ಕಲೆ ಕಂಡಿತು. ಕಾಸ್ಟಿಕ್ಕಿನದೇ. "ಇದು ಮೊದ್ಲಿಗೆ ಸುಡಂಗಿಲ್ರಿ. ಸಾಬೂನಿನಂಗ ಜಾರತದ. ಏನೂ ಆಗಿಲ್ಲ ಅಂತ ಅನಸ್ತದ. ಆಮ್ಯಾಲ ತಿಳೀತದ." ಕಣ್ಣಿಗೆ ಹಾರಿದರೆ ಕಣ್ಣೇ ಹೋಗಬಹುದು ಎಂದು ಸೇರಿಸಿದರು. ಕನ್ನಡಕ ಎಲ್ಲಿ ಎಂದು ಹುಡುಗಿ ಕೇಳಿದಾಗ ಗೋಡೆಯ ಮೊಳೆ ತೋರಿಸಿ ನಕ್ಕರು. ಅವಳು ನಗಲಿಲ್ಲ. ಅವರು ಅದನ್ನು ತೆಗೆದು ಹಾಕಿಕೊಂಡರು.

*

ಕಾಯುವ ಹೊತ್ತಿನಲ್ಲಿ ಕಟಿಂಗ್ ಚಹಾ ಕುಡಿಯುತ್ತ ಪಕ್ಕದ ಸಾಲಿನ ಇನ್ನೊಂದು ಗಾಳಾಕ್ಕೆ ಇಣುಕಿದೆವು. ಅಲ್ಲಿ ಮೋಟಾರು ಗಾಡಿಗಳ ಹೆಸರಿನ ಫಲಕ, ಬಾಗಿಲ ಹಿಡಿಕೆಯಂಥ ಕ್ರೋಮ್ ಹೊಳಪಿನ ಬಿಡಿಭಾಗಗಳು. ಅವೂ ಪ್ಲಾಸ್ಟಿಕ್ಕೇ, ಆದರೆ ಕೈಗೆ ತಣ್ಣಗೆ, ಭಾರ. ಇದು ಬೇರೆಯೇ ವಿದ್ಯೆ. ಎಬಿಎಸ್ ಪ್ಲಾಸ್ಟಿಕ್ಕಿನೊಳಗೆ ರಬ್ಬರಿನ ಸೂಕ್ಷ್ಮ ಕಣಗಳಿರುತ್ತವೆ. ಕ್ರೋಮಿಕ್ ಆಮ್ಲ, ಗಂಧಕಾಮ್ಲಗಳ ಮಿಶ್ರಣ ಮೇಲ್ಮೈಯ ರಬ್ಬರನ್ನು ತಿಂದು ಸಣ್ಣ ಸಣ್ಣ ಗುಳಿ ಮಾಡುತ್ತದೆ, ಲೋಹ ಆ ಗುಳಿಗಳಲ್ಲಿ ಬೇರು ಬಿಡುತ್ತದೆ. ತಾಮ್ರ, ಅದರ ಮೇಲೆ ನಿಕ್ಕಲ್, ಎಲ್ಲಕ್ಕೂ ಮೇಲೆ ಮೈಕ್ರಾನಿನ ಮೂರನೆಯ ಒಂದು ಪಾಲಿನಷ್ಟು ಕ್ರೋಮಿಯಂ.

ಇದನ್ನು ಬಿಚ್ಚುವಾಗ ಒಂದೇ ಪೀಪಾಯಿ ಸಾಲದು. ಮೇಲಿನ ಕ್ರೋಮಿಯಂ ತೆಳು ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಬಿಡುತ್ತದೆ, ಕೆಳಗಿನ ನಿಕ್ಕಲ್, ತಾಮ್ರಗಳಿಗೆ ಫೆರಿಕ್ ಕ್ಲೋರೈಡಿನಂಥ ಇನ್ನೊಂದು ದ್ರಾವಣ ಬೇಕು. ಹಚ್ಚಿದ ಕ್ರಮದ ತಿರುವುಮುರುವಿನಲ್ಲಿ, ಒಂದೊಂದೇ ಪದರ, ನಡುನಡುವೆ ನೀರಿನ ತೊಳೆತ.

ಆ ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದೇ ಈ ಕಸುಬಿನ ದೊಡ್ಡ ಪ್ರಶ್ನೆ. ಗುಳಿ ತೋಡಲು ಬಳಸುವ ಆರು ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್ ತರುವ ವಸ್ತು. ಯುರೋಪಿನ ಒಕ್ಕೂಟದಲ್ಲಿ 2017ರ ಸೆಪ್ಟೆಂಬರಿನಿಂದ ವಿಶೇಷ ಅನುಮತಿಯಿಲ್ಲದೆ ಕ್ರೋಮಿಯಂ ಟ್ರೈಆಕ್ಸೈಡನ್ನು ಇಂಥ ಕೆಲಸಕ್ಕೆ ಬಳಸುವಂತಿಲ್ಲ. ಸರಿಯಾಗಿ ಮಾಡುವವರು ಅದನ್ನು ರಾಸಾಯನಿಕವಾಗಿ ಮೂರು ವೇಲೆನ್ಸಿಗೆ ಇಳಿಸಿ, ಸುಣ್ಣ ಹಾಕಿ ಕೆಸರಾಗಿ ಕೂರಿಸಿ, ಆಮೇಲೆ ನೀರು ಬಿಡುತ್ತಾರೆ. ರಸ್ತೆಯಂಚಿನ ಮೋರಿಯೊಂದರಲ್ಲಿ ಹಸಿರು ಹಳದಿಯ ನಡುವಿನ ಬಣ್ಣದ ನೀರು ಹರಿಯುತ್ತಿತ್ತು. ಎಲ್ಲಿಂದ ಬಂತೆಂದು ಯಾರೂ ಹೇಳಲಿಲ್ಲ. ಬೆಳಿಗ್ಗೆ ಸೇತುವೆಯ ಮೇಲಿಂದ ಖಾಡಿಗೆ ಬಿದ್ದ ಹೂವಿನ ಪೊಟ್ಟಣ ನನಗೆ ನೆನಪಾಯಿತು.

ಎರಡು ತಾಸಿನ ನಂತರ ಹಿಂದಿನ ಕೋಣೆಗೆ ಮರಳಿದೆವು. ಹಳದಿ ಲ್ಯಾಕರ್ ಈರುಳ್ಳಿ ಸಿಪ್ಪೆಯಂತೆ ಬಿಟ್ಟು ನೀರಿನಲ್ಲಿ ತೇಲುತ್ತಿತ್ತು. ದೇವತೆ ಹಾಲಿನ ಬಿಳುಪಿನ, ಬಡಪಾಯಿ ಪ್ಲಾಸ್ಟಿಕ್ ಗೊಂಬೆಯಾಗಿ ಹೊರಬಂದಳು. ನೀರಿನಲ್ಲಿ ತೊಳೆದು, ತೆಳು ಆಮ್ಲದಲ್ಲಿ ಅದ್ದಿ, ಮತ್ತೆ ಎರಡು ಸಲ ತೊಳೆದರು. ಕಾಸ್ಟಿಕ್ಕಿನ ಒಂದು ಹನಿ ಉಳಿದರೂ ಹೊಸ ಪದರವನ್ನು ಒಳಗಿನಿಂದ ತಿನ್ನುತ್ತದಂತೆ.

ಆಗ ದೀಪ ಹಿಡಿದ ಕೈಯ ಬುಡದಲ್ಲಿ ಒಂದು ಗೆರೆ ಕಂಡಿತು. ಹಳೆಯ ಅಂಟು. ಯಾವಾಗಲೋ ಕೈ ಮುರಿದು, ಯಾರೋ ಅಂಟಿಸಿ, ಮೇಲೆ ಚಿನ್ನದ ಬಣ್ಣ ಬಳಿದಿದ್ದರು. ಇಷ್ಟು ವರ್ಷ ನಮಗಾರಿಗೂ ತಿಳಿದಿರಲಿಲ್ಲ.

"ಚಲೋ ಕೂಡ್ಸ್ಯಾರ್ರಿ, ಗಟ್ಟಿ ಅದ. ಲಾಂಬಿ ತುಂಬಿ ಪಾಲಿಶ್ ಪೇಪರ್ ಹೊಡೀಲೇನು? ಕಾಣಂಗಿಲ್ಲ. ಬೆನ್ನಿನ ಬೆರಳೂ ಮುಚ್ಚತದ."

ನಾನು ಹೂಂ ಎನ್ನುವಷ್ಟರಲ್ಲಿ ಹುಡುಗಿ, "ಬೇಡ, ಇರ್ಲಿ. ಅದು ಯಾರದೋ ಕೆಲಸ" ಎಂದಳು. ಆಮೇಲೆ ನನ್ನತ್ತ ತಿರುಗಿ, "ನಿಮ್ದೂ ಇರ್ಲಿ ಮಾಮ" ಎಂದು ನಕ್ಕಳು.

*

ಮುಂದಿನ ಶನಿವಾರ ಗೋಲ್ಡ್ ಮಾಲಿನ ದಿನ. ಕೆಳಲ್ಯಾಕರ್ ಹೊಡೆದು, ಪ್ಲಾಸ್ಟಿಕ್ ಬಾಗದಷ್ಟೇ ಬಿಸಿಯ ಭಟ್ಟಿಯಲ್ಲಿ ಒಣಗಿಸಿ, ನೂರಾರು ಮುಚ್ಚಳಗಳ ನಡುವೆ ನಮ್ಮ ದೇವತೆಯನ್ನು ತೂಗುಹಾಕಿದ್ದರು. ಉಕ್ಕಿನ ದೊಡ್ಡ ಚೇಂಬರಿನ ಬಾಗಿಲು ಮುಚ್ಚಿ, ಒಳಗಿನ ಒತ್ತಡ ಹೊರಗಿನದರ ಕೋಟಿಯಲ್ಲೊಂದು ಪಾಲಿಗೆ ಇಳಿಯುವವರೆಗೆ ಪಂಪು ಗಾಳಿಯನ್ನು ಹೀರುತ್ತದೆ. ಒಳಗೆ ಟಂಗ್‌ಸ್ಟನ್ ತಂತಿಯ ಸುರುಳಿಗಳು, ಅವುಗಳಿಗೆ ಸಿಕ್ಕಿಸಿದ ಅಲ್ಯೂಮಿನಿಯಂ ತುಣುಕುಗಳು. ಅಲ್ಯೂಮಿನಿಯಂ 660 ಡಿಗ್ರಿಗೆ ಕರಗುತ್ತದೆ, ಟಂಗ್‌ಸ್ಟನ್ ಮೂರು ಸಾವಿರ ದಾಟಿದರೂ ಕರಗುವುದಿಲ್ಲ. ಗಾಳಿಯ ಅಡ್ಡಿಯಿಲ್ಲದೆ ಆವಿ ನೇರವಾಗಿ ಹಾರಿ, ಎದುರಾದದ್ದಕ್ಕೆಲ್ಲ ಅಂಟುತ್ತದೆ. ಎಲ್ಲ ಮುಖಗಳಿಗೂ ತಾಗಲೆಂದು ಮಾಲು ಗಿರಗಿರ ತಿರುಗುತ್ತಿರುತ್ತದೆ. ಪುಟ್ಟ ಗಾಜಿನ ಕಿಂಡಿಯಲ್ಲಿ ಹುಡುಗಿ ನೋಡಿದಳು. ತಂತಿ ಕೆಂಪಾಯಿತು, ಬೆಳ್ಳಗಾಯಿತು, ಕೆಲವೇ ಸೆಕೆಂಡು. "ಹೋ ಗಯಾ?" ಎಂದವಳು ತಿದ್ದಿಕೊಂಡು, "ಆಗ್ಹೋಯ್ತಾ?" ಎಂದಳು.

ಕವಲೂರಿನ ವೈನು ಬಾಪು ದೂರದರ್ಶಕದ ಕನ್ನಡಿಗೂ ಇಂಥದೇ ಉಪಚಾರವಿದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರ, 1986ರಲ್ಲಿ ಆರಂಭವಾದ ಆ ದೂರದರ್ಶಕದ ಕನ್ನಡಿ 2.34 ಮೀಟರ್ ಅಗಲ. ಇಂಥ ಕನ್ನಡಿಗಳು ಗಾಜು, ಪ್ಲಾಸ್ಟಿಕ್ಕಲ್ಲ. ಆದರೆ ಆಗಾಗ ಮಾಸಿದ ಅಲ್ಯೂಮಿನಿಯಂ ಪದರವನ್ನು ರಾಸಾಯನಿಕದಿಂದ ತೊಳೆದು, ನಿರ್ವಾತದಲ್ಲಿ ಹೊಸದನ್ನು ಹಚ್ಚುವುದು ಅಲ್ಲಿಯೂ ತಪ್ಪದು. ನಮ್ಮೂರಿನಲ್ಲಿ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ಒಳಗೆ ಸೇರಿದ ಮೇಲೆ, ಮಳೆಗಾಲದಲ್ಲಿ ಮರದ ಆಭರಣಗಳ ಹಳೆಯ ಬೇಗಡೆ ಸುಲಿದು ಹೊಸತು ಅಂಟಿಸುತ್ತಿದ್ದುದನ್ನು ಬಾಲ್ಯದಲ್ಲಿ ನೋಡಿದ್ದೆ. ಅಲ್ಲಿಯೂ ಸುಲಿಯುವುದನ್ನು ಮಕ್ಕಳ ಕೈಗೆ ಕೊಡುತ್ತಿರಲಿಲ್ಲ, ಮರಕ್ಕೆ ಗಾಯವಾದೀತೆಂದು.

ನಮ್ಮ ಯುವ ಮಿತ್ರರಿಗೆ ಒಂದು ಮಾತು. ಇದನ್ನೋದಿ ಅಡುಗೆಮನೆಯಲ್ಲಿ ಪ್ರಯೋಗಕ್ಕೆ ಇಳಿಯಬೇಡಿ. ಕಾಸ್ಟಿಕ್ಕಿಗೆ ನೀರು ಸುರಿದರೆ ಕುದಿದು ಮುಖಕ್ಕೆ ಎಗರುತ್ತದೆ. ಬ್ಲೀಚಿಗೆ ಆಮ್ಲ ಸೇರಿದರೆ ವಿಷದ ಕ್ಲೋರಿನ್ ಅನಿಲ ಬರುತ್ತದೆ. ಹಾಳಾದ ವಸ್ತು ಇದ್ದರೆ ಗೊತ್ತಿದ್ದವರ ಬಳಿ ಒಯ್ಯಿರಿ, ರೈಲಿನಲ್ಲಿ ಜಾಗವೂ ಸಿಗುತ್ತದೆ.

ಸೇಠ್ ಇನ್ನೂರು ರೂಪಾಯಿ ತೆಗೆದುಕೊಂಡರು. ಶಹಾಪುರದವರು ಏನೂ ಬೇಡವೆಂದರು. ಬರುವ ಸ್ಪರ್ಧೆಗೆ ಬನ್ನಿ ಎಂದು ಹುಡುಗಿ ಕರೆದಳು. "ಭಾಷಣ ನಮಗೇನ್ ತಿಳೀತದವ್ವಾ" ಎಂದರು. "ನೀವು ಮಾತಾಡಿದ್ದು ನನಗೆ ತಿಳೀತಲ್ಲ" ಎಂದಳು.

ಈ ಸಲದ ಸ್ಪರ್ಧೆಯ ದಿನ ದೇವತೆ ಮೇಜಿನ ಮೇಲೆ ಹೊಳೆಯುತ್ತಿದ್ದಳು. ಹೊಸದೇ ತಂದಿರೇನೋ ಎಂದರು ಕೆಲವರು. ಹುಡುಗಿ ಬೆನ್ನು ತಿರುಗಿಸಿ ನನ್ನ ಹೆಬ್ಬೆರಳನ್ನು ಎಲ್ಲರಿಗೂ ತೋರಿಸಿದಳು. ಹಿಂದಿರುಗಿಸುವ ಮೊದಲು ಅದನ್ನು ಎತ್ತಿಕೊಂಡು ಕೊನೆಯ ಸಾಲಿಗೆ ಹೋದಳು. ಆ ತಾಯಿ ತಗಡಿನ ಮೇಲಿನ ಹೆಸರನ್ನು ಮುಟ್ಟಿದರು. ಆಮೇಲೆ ಅವರ ಬೆರಳು ಮೇಲಕ್ಕೆ ಹೋಗಿ, ದೀಪದ ಕೈಯ ಬುಡದ ಗೆರೆಯ ಮೇಲೆ ನಿಂತಿತು.

"ಮೆಟ್ಟಿಲ ಮೇಲೆ ಬೀಳಿಸಿದ್ದ ಮಗಾ. ರಾತ್ರಿಯಿಡೀ ಕೂತು ಅಂಟಿಸಿದ. ಸಂಘದವರಿಗೆ ಹೇಳಬೇಡ ಅಮ್ಮ ಅಂದಿದ್ದ."

ಆ ದಿನ ಅವರು ಬೇಗ ಎದ್ದು ಹೋಗಲಿಲ್ಲ. ಚಹಾ ಕುಡಿದೇ ಹೋದರು.